ಆ್ಯಪ್ ಯಾರ ಫೋನಿನಲ್ಲಿದೆ?

ನಮ್ಮ ಮೇಲಿನ ಮನೆಯ ಆಂಟಿ ಹೋದ ವಾರ ಬೆಳಬೆಳಿಗ್ಗೆಯೇ ಬಂದು ಬಾಗಿಲು ತಟ್ಟಿದರು. ಕಣ್ಣಲ್ಲಿ ನಿದ್ದೆಯಿಲ್ಲ. “ನೋಡಮ್ಮಾ, ರಾತ್ರಿ ಎರಡು ಗಂಟೆಗೆ ಹಾಲಿನ ಲೈಟು, ರೂಮಿನ ಲೈಟು ಎಲ್ಲಾ ಒಟ್ಟಿಗೇ ಹತ್ತಿಕೊಂಡ್ವು. ಸ್ವಿಚ್ ಮುಟ್ಟಿದವರು ಯಾರೂ ಇಲ್ಲ. ಯಾರೋ ಹೊರಗಿಂದ ಆಟ ಆಡಿಸ್ತಿದಾರೆ” ಅಂದರು. ಪುಣೆಯಲ್ಲಿರುವ ಮಗ ದೀಪಾವಳಿಗೆ ಬಂದಾಗ ಸ್ಮಾರ್ಟ್ ಬಲ್ಬು, ಹೇಳಿದ ಮಾತು ಕೇಳುವ ಸ್ಪೀಕರ್, ಗೀಸರಿಗೊಂದು ಸ್ಮಾರ್ಟ್ ಪ್ಲಗ್ ಎಲ್ಲಾ ಹಾಕಿಕೊಟ್ಟು ಹೋಗಿದ್ದ. ಆವತ್ತಿನಿಂದ ಆಂಟಿ ಆ ಸ್ಪೀಕರಿನ ಮೇಲೆ ಟವೆಲ್ ಹೊದಿಸಿಟ್ಟಿದ್ದಾರಂತೆ!

ನಗಬೇಡಿ. ನಮ್ಮಲ್ಲಿ ಎಷ್ಟೋ ಜನ ಟವೆಲ್ ಹೊದಿಸುವುದಿಲ್ಲ ಅಷ್ಟೇ, ಭಯ ಇದ್ದೇ ಇದೆ.

ಆ ರಾತ್ರಿ ನಡೆದದ್ದು ಇಷ್ಟೇ, ಕರೆಂಟು ಹೋಗಿ ಬಂದಿತ್ತು. ಬಹಳಷ್ಟು ಸ್ಮಾರ್ಟ್ ಬಲ್ಬುಗಳು, ಗೋಡೆಯ ಸ್ವಿಚ್ ಆನ್ ಇದ್ದರೆ, ಕರೆಂಟು ಬಂದ ಕೂಡಲೇ ಹತ್ತಿಕೊಳ್ಳುತ್ತವೆ. ಇಂಟರ್‌ನೆಟ್ ಇಲ್ಲದಾಗಲೂ ಗೋಡೆಯ ಸ್ವಿಚ್ಚಿನಿಂದ ದೀಪ ಹಾಕಲು ಬರಲಿ ಅಂತಲೇ ಹಾಗೆ ಮಾಡಿರುತ್ತಾರೆ. ಬೇಡ ಅನಿಸಿದರೆ, ಕರೆಂಟು ಬಂದಾಗ ಬಲ್ಬು ಹೇಗಿರಬೇಕು ಎಂದು ಎಷ್ಟೋ ಆ್ಯಪ್‌ಗಳಲ್ಲಿ ಬದಲಿಸಬಹುದು.

ಇನ್ನು ಸ್ಪೀಕರ್ ವಿಷಯ. ಅದು ನಮ್ಮ ಮಾತನ್ನೆಲ್ಲಾ ಇಡೀ ದಿನ ಯಾರಿಗೋ ಕಳಿಸುತ್ತಾ ಕೂತಿರುತ್ತದೆ ಅನ್ನುವುದು ತಪ್ಪು. ಅಲೆಕ್ಸಾದಂಥ ಸ್ಪೀಕರಿಗೆ ಕಿವಿ ಸದಾ ತೆರೆದಿರುತ್ತದೆ ನಿಜ, ಆದರೆ ಅದು ಕಾಯುವುದು ತನ್ನ ಹೆಸರಿಗೆ. ಹೆಸರು ಕೇಳಿಸಿದ ಮೇಲಿನ ಮಾತು ಮಾತ್ರ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ, ಆಗ ನೀಲಿ ದೀಪ ಹತ್ತುತ್ತದೆ. ಹಾಗಂತ ಪೂರ್ತಿ ನಂಬಿ ಕೂರಬೇಕಿಲ್ಲ. ಟೀವಿ ಧಾರಾವಾಹಿಯ ಯಾವುದೋ ಮಾತನ್ನು ತನ್ನ ಹೆಸರು ಅಂದುಕೊಂಡು ಎಚ್ಚರವಾಗುವುದೂ ಉಂಟು. ಅದು ಏನೇನು ಕೇಳಿಸಿಕೊಂಡಿದೆ ಎಂದು ಆ್ಯಪ್‌ನಲ್ಲಿ ನೋಡಬಹುದು, ಅಳಿಸಲೂಬಹುದು. ಮನೆಯ ವಿಷಯ ಮಾತಾಡುವಾಗ ಮೇಲಿರುವ ಮೈಕ್ ಬಟನ್ ಒತ್ತಿ, ಕೆಂಪು ದೀಪ ಬಂದರೆ ಮೈಕ್ ಬಂದ್. ಟವೆಲ್ ಬೇಕಾಗಿಲ್ಲ.

ಆದರೆ ಆಂಟಿಯ ಮನೆಗೆ ಹೋಗಿ ನೋಡಿದಾಗ ನನಗೆ ಹೆದರಿಕೆಯಾದದ್ದು ಬಾತ್‌ರೂಮಿನ ಹೊರಗೆ. 3000 ವ್ಯಾಟ್ ಗೀಸರಿಗೆ ನಡುವೆ ಒಂದು ಕನ್ವರ್ಟರ್ ಸಿಕ್ಕಿಸಿ 10 ಆಂಪಿಯರ್ ಪ್ಲಗ್ ಹಾಕಿದ್ದಾನೆ ಹುಡುಗ! ಮುಟ್ಟಿದರೆ ಬಿಸಿ. 3000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಗೀಸರಿಗೆ 16 ಆಂಪಿಯರಿನದ್ದೇ ಬೇಕು, ಅದೂ ದಪ್ಪ ಪಿನ್ನಿನ ಸಾಕೆಟ್ಟಿಗೆ ನೇರವಾಗಿ. ಪ್ಲಗ್ ‘ಸ್ಮಾರ್ಟ್’ ಆದ ಮಾತ್ರಕ್ಕೆ ವೈರು ಕರಗುವುದು ತಪ್ಪುವುದಿಲ್ಲ ನೋಡಿ. ಆಂಟಿ ಇಷ್ಟು ದಿನ ಹೆದರಿದ್ದು ಸ್ಪೀಕರಿಗೆ, ಹೆದರಬೇಕಾಗಿದ್ದದ್ದು ಇದಕ್ಕೆ.

“ಇದೆಲ್ಲಾ ಕರೆಂಟ್ ಬಿಲ್ ಏರಿಸತ್ತಲ್ವಾ?” ಎಂದೂ ಕೇಳಿದರು. ಒಂದು ವ್ಯಾಟ್ ಎಳೆಯುವ ಪ್ಲಗ್ ವರ್ಷವಿಡೀ ಹಾಕಿಟ್ಟರೂ 9 ಯೂನಿಟ್ಟಿನ ಒಳಗೇ. ಮರೆತು ಬಿಟ್ಟ ಗೀಸರ್ ಅದಕ್ಕಿಂತ ಎಷ್ಟೋ ಹೆಚ್ಚು ತಿನ್ನುತ್ತದೆ.

ನಾನು ಕೇಳಿದ ಪ್ರಶ್ನೆ ಬೇರೆ. “ಆ್ಯಪ್ ಯಾರ ಫೋನಿನಲ್ಲಿದೆ ಆಂಟಿ?” “ಮಗನ ಫೋನಲ್ಲಿ. ನಂಗ್ಯಾಕಮ್ಮಾ ಅದೆಲ್ಲಾ?” ಅಂದರು.

ಇಲ್ಲೇ ನಾವು ಎಡವುವುದು. ದಿನವಿಡೀ ಆ ಮನೆಯಲ್ಲಿರುವವರು ನಾವು, ಲೈಟು, ಗೀಸರ್, ಕ್ಯಾಮೆರಾದ ಲಗಾಮು ಮಾತ್ರ ಗಂಡನ ಅಥವಾ ಮಗನ ಕೈಯಲ್ಲಿ. ಅವರ ಮೇಲೆ ಅನುಮಾನ ಪಡಿ ಅಂತಲ್ಲ. ನಿಮ್ಮನ್ನೂ ಮನೆಯ ಸದಸ್ಯೆಯಾಗಿ ಆ್ಯಪ್‌ಗೆ ಸೇರಿಸಿ ಎಂದು ಕೇಳಿ, ಹೆಚ್ಚಿನ ಆ್ಯಪ್‌ಗಳಲ್ಲಿ ಅದಕ್ಕೆ ಅವಕಾಶವಿದೆ. ಕ್ಯಾಮೆರಾ ಇದ್ದರಂತೂ ಅದನ್ನು ಯಾರ್‍ಯಾರು ನೋಡುತ್ತಾರೆ ಎಂದು ನಿಮಗೆ ಗೊತ್ತಿರಲೇಬೇಕು. ಕ್ಯಾಮೆರಾದ ಪಾಸ್‌ವರ್ಡ್ ಬೇರೆಲ್ಲೂ ಬಳಸದೇ ಇರುವಂಥದ್ದಾಗಿರಲಿ, ಓಟಿಪಿ ಕೇಳಿಕೊಂಡು ಯಾರು ಫೋನ್ ಮಾಡಿದರೂ ಕೊಡಬೇಡಿ. ಕ್ಯಾಮೆರಾ ಬಾಗಿಲ ಹೊರಗಿದ್ದರೆ ಚೆನ್ನ, ಹಾಲಿನೊಳಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಳಗೆ ಹಾಕಿದ್ದೇ ಆದರೆ ಮನೆಗೆಲಸಕ್ಕೆ ಬರುವವಳಿಗೂ ಹೇಳಿಬಿಡಿ, ಅವಳಿಗೂ ಮಾನವಿದೆ.

ಆಂಟಿ ಅದೇ ಸಂಜೆ ಮಗನಿಗೆ ವಿಡಿಯೋ ಕಾಲ್ ಮಾಡಿ, “ನನ್ನ ಫೋನಿಗೂ ಹಾಕಿಕೊಡೋ” ಅಂದರಂತೆ. ಕಾಲು ಗಂಟೆಯ ಕೆಲಸ. ಗೀಸರಿನ ಪ್ಲಗ್ ಎಲೆಕ್ಟ್ರಿಷಿಯನ್ ಬಂದು ಬದಲಾಯಿಸಿದ. ಈಗ ಆರೂವರೆಗೆ ದೇವರಮನೆ ದೀಪ ತಾನಾಗೇ ಹತ್ತುತ್ತದೆ, ಅದನ್ನು ಹಾಗೆ ಮಾಡಿದ್ದು ಆಂಟಿಯೇ. ಟವೆಲ್ ಮಾತ್ರ ಇನ್ನೂ ಸ್ಪೀಕರಿನ ಪಕ್ಕದಲ್ಲೇ ಮಡಚಿಟ್ಟಿದೆ.