ಒಂದಕ್ಷರದ ತಪ್ಪು, ಒಂದು ಚೀಟಿ ಮತ್ತು ನಮ್ಮ ಭಾಷೆ

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಅಭಿಯಾನಕ್ಕೆ ಚಾಲನೆ ದೊರೆಯಿತು. 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತಪರೀಕ್ಷೆ ನಡೆಸುವುದು ಮತ್ತು 2047ರೊಳಗೆ ಈ ರೋಗದ ಹಾವಳಿಯನ್ನು ಕೊನೆಗಾಣಿಸುವುದು ಅದರ ಗುರಿ. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರಪ್ರದೇಶ, ತೆಲಂಗಾಣಗಳೂ ಆ ಪಟ್ಟಿಯಲ್ಲಿವೆ. ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ದೂರದ ಸುದ್ದಿಯಲ್ಲ. ಭಾರತದಲ್ಲಿ ಕುಡಗೋಲು ಕಣದ ಇರುವಿಕೆ ಮೊದಲು ವರದಿಯಾದುದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ವಯನಾಡಿನಲ್ಲಿಯೂ ಅದು ಹಳೆಯ ಸಂಕಟ.

ರೋಗದ ಮೂಲ ಎಚ್‌ಬಿಬಿ ಎಂಬ ವಂಶವಾಹಿ. 11ನೆಯ ವರ್ಣತಂತುವಿನಲ್ಲಿರುವ ಇದು ಬೀಟಾ ಗ್ಲೋಬಿನ್ ಎಂಬ ಪ್ರೋಟೀನನ್ನು ರೂಪಿಸುವ ಬರಹ. 146 ಅಮೈನೋ ಆಮ್ಲಗಳ ಈ ಸರಪಳಿ ಎರಡು, ಆಲ್ಫಾ ಗ್ಲೋಬಿನ್ ಸರಪಳಿ ಎರಡು ಕೂಡಿದರೆ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಆಗುತ್ತದೆ. ಆ ಬರಹದಲ್ಲಿ ಜಿಎಜಿ ಎಂದಿರಬೇಕಾದಲ್ಲಿ ಜಿಟಿಜಿ ಎಂದಾದರೆ, ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತದೆ. ‘ಹಾಲು’ ಎಂಬುದು ‘ಹಾಳು’ ಆಗಲು ಒಂದೇ ಅಕ್ಷರ ಸಾಲದೇ? ಆಮ್ಲಜನಕ ಕಡಿಮೆಯಾದೊಡನೆ ಇಂತಹ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಎಳೆಗಟ್ಟುತ್ತದೆ. ದುಂಡನೆಯ ರಕ್ತಕಣ ಕುಡಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ 10-20 ದಿನಗಳಲ್ಲೇ ನಾಶವಾಗುತ್ತದೆ. ತೀವ್ರ ನೋವು, ರಕ್ತಹೀನತೆ, ಪದೇಪದೇ ಸೋಂಕು ಇದರ ಫಲ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಯಬೇಕು. ತಂದೆತಾಯಿಗಳಿಬ್ಬರಿಂದಲೂ ಕುಡಗೋಲು ಕಣದ ವಂಶವಾಹಿ ಬಂದರೆ ಮಗು ರೋಗಿ. ಒಬ್ಬರಿಂದ ಮಾತ್ರ ಬಂದು, ಇನ್ನೊಬ್ಬರಿಂದ ಸರಿಯಾದುದು ಬಂದರೆ ಮಗು ವಾಹಕ. ವಾಹಕರು ಸಾಮಾನ್ಯವಾಗಿ ಆರೋಗ್ಯವಂತರೇ. ಮಲೇರಿಯಾದ ತೀವ್ರತೆಯಿಂದ ಅವರಿಗೆ ಒಂದಿಷ್ಟು ರಕ್ಷಣೆಯೂ ಉಂಟು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲಿಯೂ ರೋಗದ ಸಂಭವ ಶೇ. 25. ಅಂದರೆ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬಂದೇ ಬರುತ್ತದೆ ಎಂದಲ್ಲ, ಮೊದಲನೆಯದಕ್ಕೆ ಬಂದರೆ ಉಳಿದವು ಪಾರು ಎಂದೂ ಅಲ್ಲ.

ಅಭಿಯಾನದಲ್ಲಿ ತಪಾಸಣೆಗೊಳಗಾದವರಿಗೆ ಫಲಿತಾಂಶದ ಚೀಟಿ ನೀಡುವ ವ್ಯವಸ್ಥೆಯಿದೆ. ನಮ್ಮ ಆತಂಕ ಹುಟ್ಟುವುದು ಈ ಚೀಟಿಯ ಬಳಿ. ಅದು ಮಲಯಾಳದಲ್ಲೋ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದು, ತಾಯಿ ಕನ್ನಡ ಮಾತ್ರ ಓದಬಲ್ಲವಳಾದರೆ, ‘ವಾಹಕ’ ಎಂಬ ಮಾತು ಮನೆ ತಲುಪುವ ಹೊತ್ತಿಗೆ ‘ರೋಗಿ’ ಆಗಿರುತ್ತದೆ. ಆ ಬಳಿಕ ಅದು ಹೆಣ್ಣುಮಗಳ ಮದುವೆಗೆ ಅಂಟಿದ ಕಳಂಕ. ಅಕ್ಷರದೋಷದಿಂದ ಬಂದ ರೋಗಕ್ಕೆ ಅರ್ಥದೋಷವೂ ಸೇರಿದಂತಾಗುತ್ತದೆ. ಕನ್ನಡಕ್ಕೆ ಹತ್ತಿರದ ನುಡಿಗಳನ್ನಾಡುವ ಕಾಡಿನಂಚಿನ ಕುಟುಂಬಗಳಿಗಂತೂ ಬಾಯಿಮಾತಿನ ತಿಳಿವಳಿಕೆಯೇ ಆಧಾರ.

ಮದುವೆಗಳನ್ನು ತಡೆಯುವುದರಿಂದಲೇ ರೋಗ ನಿರ್ಮೂಲವಾಗದು. ಈಗಾಗಲೇ ಹುಟ್ಟಿರುವ ಮಕ್ಕಳು ಬಾಳಬೇಕು. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿದ ವಂಶವಾಹಿ ತಿದ್ದುವ ಚಿಕಿತ್ಸೆಗೆ ಅಮೆರಿಕದಲ್ಲಿ 22 ಲಕ್ಷ ಡಾಲರ್ ಬೆಲೆ. ನಮ್ಮ ಹಾಡಿಗಳಿಗೆ ಇಂದು ಬೇಕಾದುದು ತಪ್ಪದೆ ಸಿಗುವ ಮಾತ್ರೆ, ಹತ್ತಿರದ ರಕ್ತನಿಧಿ, ಅರ್ಥವಾಗುವ ಮಾತು.

ಶಾಲೆಗೂ ಹೊಣೆಯಿದೆ. ಈ ರೋಗವಿರುವ ಮಗುವಿಗೆ ಪದೇಪದೇ ನೀರು ಕುಡಿಯಲು ಬಿಡಬೇಕು, ಚಳಿಯಲ್ಲಿ ನಿಲ್ಲಿಸಬಾರದು, ದಣಿಯುವಂತೆ ಓಡಿಸಬಾರದು. ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿ ಕಳುಹಿಸಬೇಕು. ನೋವಿನಿಂದ ತಪ್ಪಿದ ಹಾಜರಿಯನ್ನು ಸೋಮಾರಿತನವೆಂದು ಬರೆಯಬಾರದು.

ಸಂವಿಧಾನದ 350ನೆಯ ವಿಧಿಯು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ನಮಗೆ ನೀಡಿದೆ. ಶಾಲಾ ರಕ್ಷಕ-ಶಿಕ್ಷಕ ಸಂಘಗಳು ಜಿಲ್ಲಾ ವೈದ್ಯಾಧಿಕಾರಿಗಳಿಗೆ ಕನ್ನಡದಲ್ಲಿಯೇ ಮನವಿ ಬರೆಯಲಿ: ಫಲಿತಾಂಶದ ಚೀಟಿಯೂ ಸಮಾಲೋಚನೆಯೂ ಕನ್ನಡದಲ್ಲಿ ದೊರೆಯಬೇಕು, ಮಗುವಿನ ಫಲಿತಾಂಶ ಗೋಪ್ಯವಾಗಿರಬೇಕು. ವಂಶವಾಹಿ, ವರ್ಣತಂತು ಎಂಬ ಮಾತುಗಳನ್ನು ನಮ್ಮ ಮಕ್ಕಳು ತರಗತಿಯಲ್ಲಿ ಕನ್ನಡದಲ್ಲಿಯೇ ಕಲಿಯುತ್ತಾರೆ. ಆ ಕಲಿಕೆ ಆಸ್ಪತ್ರೆಯ ಬಾಗಿಲಲ್ಲಿ ನಿಂತುಹೋಗಬಾರದು.