‘ಅವರಿಗೆ ಡೆಮಾಕ್ರಸಿ ಒಗ್ಗಲ್ಲ’ ಅನ್ನುವ ಗೆಳೆಯರಿಗೆ

ಹಾಸ್ಟೆಲುಗಳಲ್ಲಿ ರಾತ್ರಿ ಊಟ ಮುಗಿದ ಮೇಲಿನ ಹರಟೆಯಲ್ಲಿ ಒಂದು ಮಾತು ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿದೆ. “ಸಾಬರಿಗೆ ಡೆಮಾಕ್ರಸಿ ಒಗ್ಗಲ್ಲ ಕಣ್ರೋ, ಅದು ಅವರ ರಕ್ತದಲ್ಲೇ ಇಲ್ಲ.” ಜುಟ್ಟಿನವರು ಹೀಗೆ ಹೇಳಿದರೆ ನಮಗೆ ಆಶ್ಚರ್ಯವಿಲ್ಲ. ಹೇಳುತ್ತಿರುವವರು ನಮ್ಮ ಕೇರಿಯ ಹುಡುಗರು! ‘ಹೊಲೇರಿಗೆ ವಿದ್ಯೆ ಒಗ್ಗಲ್ಲ’ ಅಂತ ನಮ್ಮ ಅಪ್ಪಂದಿರನ್ನು ಶಾಲೆಯ ಬಾಗಿಲಿಂದ ಓಡಿಸಿದವರದೂ ಇದೇ ರಕ್ತದ ಲೆಕ್ಕ. ಆ ಲೆಕ್ಕವನ್ನು ನಾವು ಯಾವಾಗ ಕಲಿತೆವು? ಯಾರು ಕಲಿಸಿದರು?

ಅದಕ್ಕೇ ನಾವು ಟ್ಯುನೀಷಿಯಾದ ಕತೆ ಹೇಳುತ್ತೇವೆ. ಉತ್ತರ ಆಫ್ರಿಕಾದ ಪುಟ್ಟ ದೇಶ, ಹೆಚ್ಚೂಕಡಿಮೆ ಎಲ್ಲರೂ ಮುಸಲ್ಮಾನರೇ.

ಅಲ್ಲಿ ತಾಹರ್ ಹದ್ದಾದ್ ಅಂತ ಒಬ್ಬ ಇದ್ದ. ಜೈತೂನಾ ಮಸೀದಿಯ ವಿದ್ಯಾಪೀಠದಲ್ಲಿ ಓದಿದವನು, ಕೂಲಿಕಾರರ ಸಂಘ ಕಟ್ಟುವವರ ಜೊತೆ ತಿರುಗಿದವನು. 1930ರಲ್ಲಿ ಧರ್ಮದ ಒಳಗೇ ನಿಂತು, ಹೆಣ್ಣಿಗೆ ಆಗುತ್ತಿರುವುದು ಅನ್ಯಾಯ ಅಂತ ಪುಸ್ತಕ ಬರೆದ. ಪಂಡಿತರು ಮೇಲೆ ಬಿದ್ದರು, ಪದವಿ ಕಿತ್ತುಕೊಂಡರು. 1935ರಲ್ಲಿ, ಇನ್ನೂ ನಲವತ್ತು ತುಂಬುವ ಮುಂಚೆ ಸತ್ತ. ಆದರೆ ಫ್ರೆಂಚರು ತೊಲಗಿದ ವರ್ಷವೇ, 1956ರ ಆಗಸ್ಟ್ 13ರಂದು, ಬಹುಪತ್ನಿತ್ವವನ್ನು ನಿಷೇಧಿಸಿದ ಕಾನೂನು ಬಂತು. ಗಂಡ ಬಾಯಲ್ಲಿ ತಲಾಖ್ ಅಂದರೆ ನಡೆಯಲ್ಲ, ಕೋರ್ಟಿಗೇ ಬರಬೇಕು ಅಂತಾಯಿತು. ನಮ್ಮಲ್ಲಿ ಒಂದೇ ಉಸಿರಿನ ಮೂರು ತಲಾಖಿನ ಬಗ್ಗೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 2017ರಲ್ಲಿ. ಅಂದಹಾಗೆ, ಹಿಂದೂ ಕೋಡ್ ಬಿಲ್ಲಿಗೆ ಅಡ್ಡಗಾಲು ಹಾಕಿದಾಗ 1951ರಲ್ಲಿ ಬಾಬಾಸಾಹೇಬರು ಮಂತ್ರಿಗಿರಿ ಬಿಸಾಕಿ ಬಂದರಲ್ಲ, ಅಡ್ಡಗಾಲು ಹಾಕಿದವರು ಯಾವ ಮಸೀದಿಯವರು?

ಇಷ್ಟಕ್ಕೇ ಚಪ್ಪಾಳೆ ಹೊಡೆಯಬೇಡಿ. ಆ ಕಾನೂನು ಕೊಟ್ಟ ಬೂರ್ಗಿಬಾ 1975ರಲ್ಲಿ ತಾನೇ ಆಜೀವ ಅಧ್ಯಕ್ಷನಾದ. 1987ರಲ್ಲಿ ಅವನನ್ನು ಇಳಿಸಿ ಬಂದ ಬೆನ್ ಅಲಿ ಇಪ್ಪತ್ತಮೂರು ವರ್ಷ ಕೂತ. ಹೆಂಗಸರ ಹಕ್ಕನ್ನು ಯುರೋಪಿನವರಿಗೆ ತೋರಿಸುವುದು, ಒಳಗೆ ಬಾಯಿ ಬಿಟ್ಟವರನ್ನು ಜೈಲಿಗೆ ತಳ್ಳುವುದು. ನಮ್ಮ ಕೆಲವು ಪ್ರಗತಿಪರರಿಗೆ ಇಂಥವರ ಮೇಲೆ ಬಲು ಮೋಹ. ಜನ ದಡ್ಡರು, ಮೇಲಿಂದ ಒಬ್ಬ ಗಟ್ಟಿಗ ಬಂದು ಸುಧಾರಿಸಬೇಕು ಅಂತಾರೆ. ಒಳ್ಳೇ ಗೌಡ ಸಿಕ್ಕಿದ ಅಂತ ಜಗಲಿಯ ಕೆಳಗೇ ಕೂತಿರೋಣವೇ?

ಆ ಜಗಲಿಯನ್ನು ಅಲುಗಿಸಿದವನು ತಳ್ಳುಗಾಡಿಯವನು. ಸಿದಿ ಬೂಜಿದ್ ಅನ್ನುವ ಬಡ ಊರಿನ ಮೊಹಮ್ಮದ್ ಬುವಾಜೀಜಿ, ವಯಸ್ಸು 26. 2010ರ ಡಿಸೆಂಬರ್ 17ರಂದು ನಗರಸಭೆಯವರು ಅವನ ತಕ್ಕಡಿ ಕಿತ್ತುಕೊಂಡರು. ಗವರ್ನರ್ ಕಚೇರಿಗೆ ಹೋದ, ಯಾರೂ ಕೇಳಲಿಲ್ಲ. ಅದರ ಮುಂದೆಯೇ ಮೈಗೆ ಬೆಂಕಿ ಹಚ್ಚಿಕೊಂಡ. ಪತ್ರಿಕೆಗಳು ಅವನನ್ನು ‘ನಿರುದ್ಯೋಗಿ ಪದವೀಧರ’ ಅಂತ ಬರೆದವು. ಅಲ್ಲ, ಅವನು ಹೈಸ್ಕೂಲೂ ಮುಗಿಸಿರಲಿಲ್ಲ. ಡಿಗ್ರಿ ಇಲ್ಲದವನ ಸಿಟ್ಟು ಸುದ್ದಿಗೆ ಸಾಲದೇ? ಬಿ.ಎ. ಸರ್ಟಿಫಿಕೇಟು ಟ್ರಂಕಿನಲ್ಲಿಟ್ಟುಕೊಂಡಿರುವ ನಾವೂ ಯೋಚಿಸಬೇಕಾದ ಮಾತು.

2011ರ ಜನವರಿ 4ರಂದು ಅವನು ಸತ್ತ. ಹತ್ತು ದಿನಕ್ಕೆ ಬೆನ್ ಅಲಿ ಸೌದಿಗೆ ಓಡಿದ. ಬರೀ ಒಂದು ಬೆಂಕಿಕಡ್ಡಿಯಿಂದ ಇದಾಯಿತು ಅನ್ನಬೇಡಿ. 2008ರಲ್ಲೇ ಗಫ್ಸಾದ ಫಾಸ್ಫೇಟ್ ಗಣಿಯೂರುಗಳ ನಿರುದ್ಯೋಗಿಗಳು ತಿಂಗಳುಗಟ್ಟಲೆ ಬಡಿದಾಡಿದ್ದರು. 1946ರಲ್ಲಿ ಕಟ್ಟಿದ ಕಾರ್ಮಿಕ ಸಂಘಟನೆಯ ಶಾಖೆಗಳು ಊರೂರಲ್ಲಿದ್ದವು.

ಚುನಾವಣೆಯಲ್ಲಿ ಧಾರ್ಮಿಕ ಪಕ್ಷ ಎನ್ನಹ್ದಾ ಮುಂದೆ ಬಂತು. ನೋಡಿದ್ರಾ, ಹೇಳಿರಲಿಲ್ವಾ ಅಂದರು ಬುದ್ಧಿವಂತರು. ಹೊಸ ಸಂವಿಧಾನದ ಕರಡಿನಲ್ಲಿ ಹೆಣ್ಣು ಗಂಡಿಗೆ ‘ಪೂರಕ’ ಅಂತ ಬರೆದಾಗ, 2012ರ ಆಗಸ್ಟ್ 13ರಂದು ಸಾವಿರಾರು ಹೆಂಗಸರು ಬೀದಿಗಿಳಿದರು. ತಲೆವಸ್ತ್ರ ಹಾಕಿದವರೂ ಹಾಕದವರೂ. ಆ ಪದ ಬಿದ್ದುಹೋಯಿತು. 2013ರಲ್ಲಿ ಇಬ್ಬರು ಎಡಪಂಥೀಯ ನಾಯಕರ ಕೊಲೆಯಾದಾಗ ಕಾರ್ಮಿಕ ಸಂಘ, ವಕೀಲರು, ಮಾನವ ಹಕ್ಕಿನವರು, ಉದ್ಯಮಿಗಳು ಸೇರಿ ಪಕ್ಷಗಳನ್ನು ಮಾತುಕತೆಗೆ ಎಳೆದು ಕೂರಿಸಿದರು. 2014ರ ಜನವರಿಯಲ್ಲಿ 216ರಲ್ಲಿ 200 ಮತಗಳಿಂದ ಸಂವಿಧಾನ ಒಪ್ಪಿತವಾಯಿತು, ಎನ್ನಹ್ದಾ ಕುರ್ಚಿ ಬಿಟ್ಟಿತು. ರಕ್ತದಲ್ಲಿಲ್ಲದ್ದು ಅಲ್ಲಿ ಹೀಗೆ ನಡೆಯಿತು.

ಈಗ ಇನ್ನೊಂದು ಕಡೆಯವರಿಗೆ. ಮುಸಲ್ಮಾನರ ಮೇಲೆ ಏಟು ಬೀಳುತ್ತಿರುವಾಗ ಅವರ ಒಳಗಿನ ಕೇಡು ಎತ್ತಬಾರದು ಅನ್ನುವ ಗೆಳೆಯರೇ, ಕೇಳಿ. ಟ್ಯುನೀಷಿಯಾ 1846ರಲ್ಲೇ, ಅಮೆರಿಕಕ್ಕಿಂತ ಮುಂಚೆ, ಗುಲಾಮಗಿರಿ ರದ್ದು ಮಾಡಿತು. ಆದರೂ ಜೆರ್ಬಾ ದ್ವೀಪದಲ್ಲಿ ಕಪ್ಪು ಜನಕ್ಕೆ ಬೇರೆ ಸ್ಮಶಾನ. ಗುಲಾಮರ ಮೊಮ್ಮಕ್ಕಳ ಹೆಸರಿನಲ್ಲಿ ‘ಅತೀಗ್’ ಅಂತ ಒಂದು ಬಾಲ: ಇಂಥವರು ಬಿಡುಗಡೆ ಮಾಡಿದವನು ಅಂತ ಅರ್ಥ. ಒಡೆಯನ ಹೆಸರು ಜನನಪತ್ರದಲ್ಲಿ ಅಂಟಿಕೊಂಡೇ ಇತ್ತು. ಎಲ್ಲರೂ ಒಂದೇ ಸಾಲಿನಲ್ಲಿ ನಮಾಜು ಮಾಡುತ್ತಾರೆ, ಸರಿ. ಹೂಳುವಾಗ? ಹೆಣ್ಣು ಕೊಡುವಾಗ? ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಪ್ಪು ಟ್ಯುನೀಷಿಯನ್ನರು ಇದನ್ನು ನುಂಗಿಕೊಂಡು ಕೂರಲಿಲ್ಲ. ಸಾದಿಯಾ ಮೊಸ್ಬಾಹ್ ಎಂಬ ಹೆಂಗಸು ಸಂಘ ಕಟ್ಟಿ ಹೋರಾಡಿದಳು. 2018ರ ಅಕ್ಟೋಬರಿನಲ್ಲಿ ಜನಾಂಗ ತಾರತಮ್ಯದ ವಿರುದ್ಧ ಕಾನೂನು ಬಂತು. 2020ರಲ್ಲಿ 81 ವರ್ಷದ ಒಬ್ಬ ಮುದುಕ ಮೆದೆನೀನ್ ಕೋರ್ಟಿಗೆ ಹೋಗಿ ಹೆಸರಿನಿಂದ ‘ಅತೀಗ್’ ತೆಗೆಸಿದ. ಎಂಬತ್ತೊಂದು ವರ್ಷ! ಪ್ರಜಾಪ್ರಭುತ್ವ ಅಂದರೆ ಏನು ಅಂತ ಆ ಮುದುಕನನ್ನು ಕೇಳಬೇಕು.

ಆಮೇಲೆ ಬಿದ್ದ ಪೆಟ್ಟನ್ನೂ ಮುಚ್ಚಿಡುವುದಿಲ್ಲ. ಸಂವಿಧಾನ ಬಂತು, ಕೆಲಸ ಬರಲಿಲ್ಲ. ಹುಡುಗರು ದೋಣಿ ಹತ್ತಿ ಇಟಲಿಯ ಕಡೆ ಹೊರಟರು. ಆ ಬೇಸರದ ಮೇಲೆ ಕಾಲಿಟ್ಟು ಅಧ್ಯಕ್ಷ ಕೈಸ್ ಸಯೀದ್ 2021ರ ಜುಲೈ 25ರಂದು ಪಾರ್ಲಿಮೆಂಟಿಗೆ ಬೀಗ ಹಾಕಿದ. ಅವನು ಮುಲ್ಲಾ ಅಲ್ಲ, ಸಂವಿಧಾನದ ಪಾಠ ಹೇಳುತ್ತಿದ್ದ ಮೇಷ್ಟ್ರು! 2023ರ ಫೆಬ್ರವರಿಯಲ್ಲಿ, ಆಫ್ರಿಕಾದ ಕಪ್ಪು ವಲಸಿಗರು ದೇಶದ ಜನಸಂಖ್ಯೆಯನ್ನೇ ಬದಲಾಯಿಸುವ ಸಂಚು ಇದೆ ಅಂದ. ಎಲ್ಲೋ ಕೇಳಿದ ಮಾತಿನ ಹಾಗಿದೆಯಲ್ಲವೇ? ಕಪ್ಪು ಜನರನ್ನು ಬಾಡಿಗೆ ಮನೆಗಳಿಂದ ಬೀದಿಗೆ ದಬ್ಬಿದರು, ಹೊಡೆದರು. 2024ರ ಅಕ್ಟೋಬರಿನಲ್ಲಿ ಅವನು ನೂರಕ್ಕೆ 90 ಮತ ಪಡೆದು ಗೆದ್ದ. ಮತ ಹಾಕಿದವರು ನೂರಕ್ಕೆ 29 ಮಂದಿಯೂ ಇಲ್ಲ.

ಆ ವರ್ಷದ ಮೇ ತಿಂಗಳಲ್ಲಿ ಸಾದಿಯಾ ಮೊಸ್ಬಾಹ್‌ಳನ್ನು ಪೊಲೀಸರು ಹಿಡಿದು ಒಳಗೆ ಹಾಕಿದರು. ಅವಳ ಸಂಘದ ಹೆಸರು ‘ನನ್ನ ಕನಸು’ ಅಂತ. ರಕ್ತದ ಮಾತಾಡುವ ಗೆಳೆಯರು ಈ ಹೆಸರನ್ನು ಒಂದು ಸಲ ಗಟ್ಟಿಯಾಗಿ ಓದಿ, ಆಮೇಲೆ ನಮ್ಮ ಜೊತೆ ವಾದಕ್ಕೆ ಬರಲಿ.