ಹಳೆಯ ಪಿಕಪ್ಪಿಗೆ ಬೇರೆ ಎಂಜಿನ್

ಹೊಸೂರಿನಿಂದ ಕೃಷ್ಣಗಿರಿಯವರೆಗೆ, ಇತ್ತ ತಳಿ, ಡೆಂಕಣಿಕೋಟೆ, ಅಂಚೆಟ್ಟಿಯವರೆಗೆ ನಮ್ಮ ಜನರ ಜೀವನ ಪಿಕಪ್ ಗಾಡಿಗಳ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಾಗಲಾರದು. ರಾಯಕೋಟೆಯ ಟೊಮೆಟೊ, ಹೊಸೂರಿನ ಗುಲಾಬಿ, ಕೃಷ್ಣಗಿರಿಯ ಮಾವು ಇವೆಲ್ಲ ತೋಟದಿಂದ ಹೊರಡುವುದು ಹೆಚ್ಚಾಗಿ ಈ ಗಾಡಿಗಳಲ್ಲಿಯೇ. ನಮ್ಮ ವಿದ್ಯಾರ್ಥಿಗಳ ತಂದೆತಾಯಿಗಳಲ್ಲಿ ಗಾಡಿ ಇಟ್ಟವರುಂಟು, ಓಡಿಸುವವರುಂಟು, ರಿಪೇರಿ ಮಾಡುವವರೂ ಉಂಟು. ಎಂಜಿನ್ ಕೆಟ್ಟುಹೋದಾಗ ಹೊಸ ಗಾಡಿ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆಗ ಗುಜರಿಯಿಂದ ಹಳೆಯ ಎಂಜಿನ್ನೊಂದನ್ನು ತಂದು ಕೂರಿಸುತ್ತಾರೆ. ಇದನ್ನು ತಪ್ಪೆಂದು ನಾನು ಹೇಳಲಾರೆ. ಗಟ್ಟಿಯಾಗಿರುವ ಗಾಡಿಯನ್ನು ಎಂಜಿನ್ ಕೆಟ್ಟಿತೆಂದು ಮೂಲೆಗೆ ಹಾಕುವುದು ಬಡವನಿಗೆ ಒಪ್ಪುವ ಮಾತಲ್ಲ. ಆದರೆ ಹೀಗೆ ಕೂರಿಸುವಾಗ ನಾವು ಕೇಳುವ ಪ್ರಶ್ನೆಗಳು ಎರಡೇ: ‘ಕೂರುತ್ತದೆಯೇ? ಸ್ಟಾರ್ಟ್ ಆಗುತ್ತದೆಯೇ?’ ತಿರುಗುವ ಭಾಗಗಳ ತೂಕ ಸರಿದೂಗಿದೆಯೇ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಅದನ್ನು ಕೇಳದೆ ಹಣ ಎಣಿಸಬಾರದೆಂಬುದು ನನ್ನ ಅಭಿಪ್ರಾಯ.

ಎಂಜಿನ್ ಬದಲಾಯಿಸುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. ಹಿಂದಿನ ಮಹೀಂದ್ರ ಜೀಪುಗಳು ಪೆಟ್ರೋಲಿನವು. ಡೀಸೆಲ್ ಅಗ್ಗವೆಂದು ಎಷ್ಟೋ ಮಂದಿ ಶೆಡ್ಡುಗಳಲ್ಲಿ ಅವಕ್ಕೆ ಡೀಸೆಲ್ ಎಂಜಿನ್ ಹಾಕಿಸಿಕೊಂಡರು. 1980ರ ದಶಕದಲ್ಲಿ ಮಹೀಂದ್ರದವರೇ ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನನ್ನು ತಮ್ಮ ಗಾಡಿಗಳಿಗೆ ಜೋಡಿಸತೊಡಗಿದರು. ಟಾಟಾ ಸಂಸ್ಥೆಯ ಟಾಟಾಮೊಬೈಲ್ 1988ರಲ್ಲಿ ಬಂದಿತು. ಎರಡೇ ಸಿಲಿಂಡರಿನ ಟಾಟಾ ಏಸ್ 2005ರಲ್ಲಿ ಬಂದಿತು. ಹೀಗೆ ಬಗೆಬಗೆಯ ಗಾಡಿಗಳು ಹಳೆಯವಾದಂತೆ ಗುಜರಿಯಲ್ಲಿ ಬಗೆಬಗೆಯ ಎಂಜಿನ್ನುಗಳೂ ಸೇರಿಕೊಂಡವು. ಒಂದರ ಫ್ಲೈವೀಲು ಇನ್ನೊಂದಕ್ಕೆ, ಅದರ ಕ್ಲಚ್ಚು ಮತ್ತೊಂದಕ್ಕೆ ಹೋಗುವುದಕ್ಕೆ ಅಲ್ಲಿ ತಡೆಯೇ ಇಲ್ಲ.

ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪ್ರಯೋಗ ಹೇಳುತ್ತೇನೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಮುಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಿ. ಬೇರಿಂಗು ಸಲೀಸಾಗಿದ್ದರೆ ಅದು ನಿಲ್ಲುವಾಗ ಸಾಮಾನ್ಯವಾಗಿ ಒಂದೇ ಭಾಗ ಕೆಳಗೆ ಬರುತ್ತದೆ. ಬಹಳ ಸಲ ಅದು ಗಾಳಿ ಹಾಕುವ ವಾಲ್ವಿನ ಭಾಗವಾಗಿರುತ್ತದೆ. ಅದರ ಎದುರು ಭಾಗದ ಕಡ್ಡಿಗೆ ಸ್ವಲ್ಪ ತಂತಿ ಸುತ್ತಿ ನೋಡಿ. ಚಕ್ರ ಎಲ್ಲಿ ಬೇಕಾದರೂ ನಿಲ್ಲತೊಡಗುತ್ತದೆ. ಈಗ ತೂಕ ಸರಿದೂಗಿತು. ಸೈಕಲ್ಲಿನ ಚಕ್ರ ನಿಧಾನವಾಗಿ ತಿರುಗುವುದರಿಂದ ವಾಲ್ವಿನ ತೂಕ ನಮಗೆ ತಿಳಿಯುವುದೇ ಇಲ್ಲ. ಎಂಜಿನ್ನಿನ ಸಂಗತಿ ಬೇರೆ.

ತಿರುಗುವ ವಸ್ತು ಹೊರಕ್ಕೆ ಎಳೆಯುವ ಬಲವು ದ್ರವ್ಯರಾಶಿ, ತ್ರಿಜ್ಯ ಮತ್ತು ಕೋನೀಯ ವೇಗದ ವರ್ಗ ಇವುಗಳ ಗುಣಲಬ್ಧ. ಇಲ್ಲಿ ‘ವರ್ಗ’ ಎಂಬ ಮಾತಿನಲ್ಲಿಯೇ ಅಪಾಯವೆಲ್ಲ ಅಡಗಿದೆ. 12 ಕಿಲೋಗ್ರಾಂ ತೂಕದ ಫ್ಲೈವೀಲೊಂದು ತನ್ನ ಕೇಂದ್ರದಿಂದ 0.2 ಮಿಲಿಮೀಟರ್ ಪಕ್ಕಕ್ಕೆ ಸರಿದು ಕೂತಿದೆ ಎಂದು ಭಾವಿಸೋಣ. ಎರಡು ಮೂರು ತಲೆಗೂದಲಿನಷ್ಟು ದಪ್ಪ, ಅಷ್ಟೇ. ನಿಮಿಷಕ್ಕೆ 1500 ಸುತ್ತಿನಲ್ಲಿ ಅದು ಹುಟ್ಟಿಸುವ ಬಲ ಸುಮಾರು 6 ಕಿಲೋಗ್ರಾಂ ತೂಕದಷ್ಟು. 3000 ಸುತ್ತಿಗೆ ಏರಿಸಿದರೆ ಅದು ಎರಡು ಪಟ್ಟಾಗದೆ ನಾಲ್ಕು ಪಟ್ಟಾಗಿ 24 ಕಿಲೋಗ್ರಾಂ ಮುಟ್ಟುತ್ತದೆ. ಕಾಲು ಕ್ವಿಂಟಾಲಿನಷ್ಟು ಹೊರೆಯನ್ನು ಕ್ರ್ಯಾಂಕಿನ ಹಿಂದಿನ ತುದಿಗೆ ಕಟ್ಟಿ, ಸೆಕೆಂಡಿಗೆ 50 ಸಲ ಸುತ್ತಲೂ ಎಳೆದಾಡಿದಂತಾಯಿತು. ಹತ್ತನೆಯ ತರಗತಿಯವರು ಈ ಲೆಕ್ಕವನ್ನು ತಾವೇ ಮಾಡಿ ಪರೀಕ್ಷಿಸಬಹುದು.

ಹೀಗೆ ಎಳೆಸಿಕೊಂಡ ಎಂಜಿನ್ ಮೊದಲ ದಿನವೇ ನಿಲ್ಲುವುದಿಲ್ಲ. ಆದುದರಿಂದಲೇ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಮೌಂಟಿನ ರಬ್ಬರು ಹರಿಯುತ್ತದೆ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು ಸೋರುತ್ತದೆ, ಗೇರ್ ಬಾಕ್ಸಿನ ಮುಂದಿನ ಬೇರಿಂಗು ಸದ್ದು ಮಾಡುತ್ತದೆ. ಸೈಲೆನ್ಸರ್ ಪೈಪು ಬಿರುಕು ಬಿಡುತ್ತದೆ. ಡೀಸೆಲ್ ಪೈಪು ಬಿರುಕು ಬಿಟ್ಟರೆ ಬೆಂಕಿಯ ಭಯವೂ ಇದೆ. ಒಡೆಯನು ಒಂದೊಂದನ್ನೂ ಬೇರೆ ಬೇರೆ ರೋಗವೆಂದು ತಿಳಿದು ಒಂದೊಂದಕ್ಕೂ ಬೇರೆ ಬೇರೆಯಾಗಿ ಹಣ ಕೊಡುತ್ತಾನೆ. ಮಗನ ಅಥವಾ ಮಗಳ ಕಾಲೇಜಿಗೆಂದು ಇಟ್ಟಿದ್ದ ಹಣವೂ ಇದರಲ್ಲಿ ಕರಗುವುದುಂಟು. ಅದಕ್ಕಾಗಿಯೇ ಶಾಲೆಯ ಸಂಚಿಕೆಯಲ್ಲಿ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಇನ್ನು ಈ ದೋಷ ಬರುವುದೆಲ್ಲಿಂದ? ಸಾಲಾಗಿ ನಾಲ್ಕು ಸಿಲಿಂಡರುಗಳಿರುವ ಎಂಜಿನ್ನಿನಲ್ಲಿ ಎರಡು ಪಿಸ್ಟನ್ನುಗಳು ಮೇಲೆ ಹೋದಾಗ ಎರಡು ಕೆಳಗೆ ಬರುತ್ತವೆ. ಆದ್ದರಿಂದ ಅವುಗಳ ಮುಖ್ಯ ಬಲಗಳು ಒಂದನ್ನೊಂದು ತೂಗಿಸಿಕೊಳ್ಳುತ್ತವೆ. ಆದರೆ ನಾಲ್ಕೂ ಒಂದೇ ತೂಕದವಾಗಿದ್ದರೆ ಮಾತ್ರ. ಒಂದು ಪಿಸ್ಟನ್ ಒಡೆದಿದೆಯೆಂದು ಬೇರೆ ಕಂಪನಿಯದೊಂದನ್ನು ಹಾಕಿದರೆ, ಅದು 30 ಗ್ರಾಂ ಹೆಚ್ಚಿಗೆ ತೂಗಿದರೂ ಸಾಕು. ಸ್ಟ್ರೋಕ್ 90 ಮಿಲಿಮೀಟರ್ ಇರುವ ಎಂಜಿನ್ನಿನಲ್ಲಿ, 3000 ಸುತ್ತಿಗೆ, ಸುಮಾರು 13 ಕಿಲೋಗ್ರಾಂ ಬಲ ತೂಗದೆ ಉಳಿಯುತ್ತದೆ. ಕನೆಕ್ಟಿಂಗ್ ರಾಡುಗಳ ವಿಷಯವೂ ಹೀಗೆಯೇ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ನೋಡುವುದಕ್ಕೆ ಹತ್ತು ನಿಮಿಷವೂ ಬೇಡ. ಆದರೂ ಅದನ್ನು ಮಾಡುವವರು ಕಡಿಮೆ.

ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಫ್ಲೈವೀಲಿನದು. ಗುಜರಿಯಲ್ಲಿ ಎಂಜಿನ್ ಒಂದು ಕಡೆ, ಫ್ಲೈವೀಲು ಇನ್ನೊಂದು ಕಡೆ ಮಾರಾಟವಾಗುತ್ತದೆ. ಸಿಕ್ಕಿದ ಫ್ಲೈವೀಲನ್ನು ತಂದು, ಬೋಲ್ಟಿನ ತೂತು ಕೂಡದಿದ್ದರೆ ಹೊಸ ತೂತು ಕೊರೆದು, ನಡುವಿನ ಕಂಡಿ ಚಿಕ್ಕದಾದರೆ ಲೇತಿನಲ್ಲಿ ಹಿಗ್ಗಿಸಿ ಕೂರಿಸುತ್ತಾರೆ. ಲೇತಿನಲ್ಲಿ ಕಟ್ಟುವಾಗ ಸ್ವಲ್ಪ ಓರೆಯಾದರೆ ಮೇಲೆ ಹೇಳಿದ 0.2 ಮಿಲಿಮೀಟರ್ ಅಲ್ಲಿಯೇ ಬಂದುಬಿಟ್ಟಿತು.

ಅಮೆರಿಕದಲ್ಲಿ ಹಳೆಯ ಪಿಕಪ್ಪುಗಳಿಗೆ ಎಂಜಿನ್ ಬದಲಾಯಿಸುವುದು ಅನೇಕರ ಹವ್ಯಾಸ. ಅಲ್ಲಿಯ ಉದಾಹರಣೆಯೊಂದು ನಮಗೂ ಉಪಯುಕ್ತ. ಕೆಲವು ಎಂಜಿನ್ನುಗಳ ಕ್ರ್ಯಾಂಕು ತನ್ನಷ್ಟಕ್ಕೆ ಸರಿದೂಗಿರುವುದಿಲ್ಲ. ಉಳಿದ ತೂಕವನ್ನು ಫ್ಲೈವೀಲಿನಲ್ಲಿ ಮತ್ತು ಮುಂದಿನ ಪುಲ್ಲಿಯ ಹತ್ತಿರದ ಡ್ಯಾಂಪರಿನಲ್ಲಿ ಬೇಕೆಂದೇ ಇಟ್ಟಿರುತ್ತಾರೆ. ಫೋರ್ಡ್ ಸಂಸ್ಥೆಯ 302 ಎಂಬ ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ ಈ ತೂಕ ಮೊದಲು 28 ಔನ್ಸ್-ಅಂಗುಲವಿತ್ತು. 1980ರ ದಶಕದ ಆರಂಭದಲ್ಲಿ ಅದನ್ನು 50ಕ್ಕೆ ಬದಲಾಯಿಸಿದರು. ಹೊರಗಿನಿಂದ ಎರಡೂ ಒಂದೇ ಎಂಜಿನ್. ಹೊಸದರ ಫ್ಲೈವೀಲನ್ನು ಹಳೆಯದಕ್ಕೆ ಹಾಕಿದರೆ ಬೋಲ್ಟುಗಳೆಲ್ಲ ಸರಿಯಾಗಿ ಕೂಡುತ್ತವೆ. ಆದರೆ 3000 ಸುತ್ತಿನಲ್ಲಿ 150 ಕಿಲೋಗ್ರಾಂಗೂ ಮಿಕ್ಕಿದ ಬಲ ತೂಗದೆ ಉಳಿಯುತ್ತದೆ. ಹೆಸರು ಒಂದೇ, ಅಳತೆ ಒಂದೇ, ತೂತೂ ಒಂದೇ ಎಂದ ಮಾತ್ರಕ್ಕೆ ಭಾಗಗಳು ಒಂದಕ್ಕೊಂದು ಸೇರಿದವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಎಲ್ಲ ನಡುಕಕ್ಕೂ ಫ್ಲೈವೀಲನ್ನೇ ದೂರುವುದು ನ್ಯಾಯವಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಹುಟ್ಟುಗುಣವಾದ ಒಂದು ಸಣ್ಣ ನಡುಕ ಇದ್ದೇ ಇದೆ. ಅದು ಕ್ರ್ಯಾಂಕಿನ ವೇಗಕ್ಕೆ ಎರಡರಷ್ಟು ವೇಗದಲ್ಲಿ ಬರುತ್ತದೆ. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬ ಎಂಜಿನಿಯರು 20ನೆಯ ಶತಮಾನದ ಮೊದಲ ಭಾಗದಲ್ಲಿಯೇ ಇದಕ್ಕೆ ಎದುರುಬದುರಾಗಿ ತಿರುಗುವ ಎರಡು ಶಾಫ್ಟುಗಳ ಉಪಾಯ ಕಂಡುಹಿಡಿದರು. 1970ರ ದಶಕದಲ್ಲಿ ಜಪಾನಿನ ಮಿತ್ಸುಬಿಷಿಯವರು ಅದನ್ನು ಸುಧಾರಿಸಿ ಕಾರುಗಳಿಗೆ ತಂದರು. ನಮ್ಮ ಹಳೆಯ ಪಿಕಪ್ಪುಗಳಲ್ಲಿ ಈ ನಡುಕವನ್ನು ತಡೆದುಕೊಳ್ಳಬೇಕಾದುದು ಮೌಂಟಿನ ರಬ್ಬರು ಮಾತ್ರ. ಪೆಟ್ರೋಲ್ ಎಂಜಿನ್ನಿಗೆಂದು ಮಾಡಿದ ಮೌಂಟಿನ ಮೇಲೆ ಭಾರವಾದ ಡೀಸೆಲ್ ಎಂಜಿನ್ ಇಟ್ಟರೆ ಆ ರಬ್ಬರು ಏನು ತಾನೇ ಮಾಡೀತು?

ನಡುಕ ಎಲ್ಲಿಯದೆಂದು ತಿಳಿಯಲು ಗಾಡಿ ಓಡಿಸುವವರೇ ಮಾಡಬಹುದಾದ ಪರೀಕ್ಷೆ ಇದೆ. ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಮೆಲ್ಲಗೆ ಆಕ್ಸಿಲರೇಟರ್ ಒತ್ತಬೇಕು. ನಿಧಾನವಾಗಿ ತಿರುಗುವಾಗ ಮಾತ್ರ ನಡುಗಿ, ವೇಗ ಏರಿದಂತೆ ನಡುಕ ಅಡಗಿದರೆ ಇಂಜೆಕ್ಟರು, ಕಂಪ್ರೆಷನ್ ಅಥವಾ ಮೌಂಟನ್ನು ನೋಡಿಸಬೇಕು. ಸುತ್ತು ಏರಿದಂತೆಲ್ಲ ನಡುಕವೂ ಏರಿದರೆ ತಿರುಗುವ ಭಾಗಗಳ ತೂಕದ ಮೇಲೆ ಅನುಮಾನ ಪಡಬೇಕು. ಆಗ ಕ್ಲಚ್ ತುಳಿದು ನೋಡಬೇಕು. ತುಳಿದೊಡನೆ ನಡುಕ ಕಡಿಮೆಯಾದರೆ ದೋಷ ಕ್ಲಚ್ ಪ್ಲೇಟಿನಲ್ಲೋ ಗೇರ್ ಬಾಕ್ಸಿನ ಶಾಫ್ಟಿನಲ್ಲೋ ಇರಬಹುದು. ಹಾಗೆಯೇ ಇದ್ದರೆ ಕ್ರ್ಯಾಂಕು, ಫ್ಲೈವೀಲು, ಪ್ರೆಷರ್ ಪ್ಲೇಟುಗಳ ಕಡೆ ನೋಡಬೇಕು. ನಿಂತಾಗ ಏನೂ ಇಲ್ಲದೆ ರಸ್ತೆಯಲ್ಲಿ ಮಾತ್ರ ನಡುಗಿದರೆ ಅದು ಚಕ್ರದ್ದು ಇಲ್ಲವೆ ಪ್ರೊಪೆಲರ್ ಶಾಫ್ಟಿನದು. ಬೇರೆ ಎಂಜಿನ್ ಕೂರಿಸುವಾಗ ಈ ಶಾಫ್ಟನ್ನು ಕತ್ತರಿಸಿ ಬೆಸುಗೆ ಹಾಕುವುದುಂಟು. ಎರಡು ತುದಿಯ ಕವಲುಗಳು ಒಂದೇ ನೇರಕ್ಕೆ ಬಾರದಿದ್ದರೆ ಅದೂ ಕುಣಿಯುತ್ತದೆ.

‘ಓಡ್ತಾ ಇದೆಯಲ್ಲ ಸಾರ್, ಇನ್ನೇನು ಬೇಕು?’ ಎಂದು ಶೆಡ್ಡಿನವರು ಕೇಳುತ್ತಾರೆ. ಅವರ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆಯೆಂದು ಹೇಳುವ ಮೇಸ್ತ್ರಿಗಳು ನಮ್ಮಲ್ಲಿದ್ದಾರೆ, ಆ ವಿದ್ಯೆ ನಮ್ಮ ಪುಸ್ತಕಗಳಲ್ಲಿಲ್ಲ. ಆದರೆ ಒಪ್ಪಂದವಾಗುವುದು ‘ಎಂಜಿನ್ ಕೂರಿಸಲು ಇಷ್ಟು’ ಎಂದು. ತೂಗಿ ನೋಡುವುದಕ್ಕೆ ನಾವು ಕೂಲಿ ಕೊಡುವುದಿಲ್ಲ, ಅವರು ತೂಗುವುದಿಲ್ಲ. ಇಲ್ಲಿ ತಪ್ಪು ಹೆಚ್ಚಾಗಿ ಹಣ ಕೊಡುವವರದೇ ಎನ್ನಬೇಕು. ಹೊಸೂರಿನಲ್ಲಿ 1980ರಲ್ಲಿಯೇ ಅಶೋಕ್ ಲೇಲ್ಯಾಂಡಿನ ಕಾರ್ಖಾನೆ ಬಂದಿತು, ಟಿ.ವಿ.ಎಸ್. ಮೊಪೆಡ್ಡೂ ಅದೇ ವರ್ಷ ಇಲ್ಲಿಂದಲೇ ಹೊರಬಂದಿತು. ಯಂತ್ರದ ಕೆಲಸಕ್ಕೆ ಹೆಸರಾದ ಇಂಥ ಊರಿನಲ್ಲಿದ್ದು ನಾವು ಅಂದಾಜಿನಿಂದ ಎಂಜಿನ್ ಕೂರಿಸಿಕೊಳ್ಳುವುದು ವಿಚಿತ್ರವೇ ಸರಿ. ಕ್ರ್ಯಾಂಕು, ಫ್ಲೈವೀಲು, ಪ್ರೆಷರ್ ಪ್ಲೇಟು ಮೂರನ್ನೂ ಒಟ್ಟಿಗೆ ಕಟ್ಟಿ ತಿರುಗಿಸಿ, ಭಾರವಾದ ಕಡೆ ಸ್ವಲ್ಪ ಕೊರೆದು ಸರಿಮಾಡುವ ಯಂತ್ರಗಳು ಹತ್ತಿರದ ಬೆಂಗಳೂರಿನಲ್ಲಿವೆ. ಎಂಜಿನ್ ಬಿಚ್ಚಿರುವಾಗಲೇ ಆ ಕೆಲಸ ಮುಗಿಸಬೇಕು. ಕೂರಿಸಿದ ಮೇಲೆ ಮತ್ತೆ ಇಳಿಸುವ ಕೂಲಿಯೇ ದೊಡ್ಡದಾಗುತ್ತದೆ.

ಆದುದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟು. ಸಾಧ್ಯವಾದಷ್ಟೂ ಅದೇ ಮಾದರಿಯ ಎಂಜಿನನ್ನೇ, ಅದರದೇ ಫ್ಲೈವೀಲು, ಪ್ರೆಷರ್ ಪ್ಲೇಟು, ಮುಂದಿನ ಪುಲ್ಲಿಯ ಸಮೇತ ಕೇಳಿ ಪಡೆಯಿರಿ. ಬಿಚ್ಚುವ ಮೊದಲು ಪ್ರೆಷರ್ ಪ್ಲೇಟಿಗೂ ಫ್ಲೈವೀಲಿಗೂ ಎದುರುಬದುರಾಗಿ ಪಂಚಿನಿಂದ ಚುಕ್ಕೆ ಹೊಡೆಸಿ, ಮತ್ತೆ ಅದೇ ಗುರುತಿಗೆ ಕೂರಿಸಲು ಹೇಳಿ. ಬೇರೆ ಮಾದರಿಯ ಎಂಜಿನ್ ಹಾಕುವುದಕ್ಕೆ ಕಾನೂನಿನ ಅಡ್ಡಿಯೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ಮಾದರಿಯದಾದರೂ ಎಂಜಿನ್ ನಂಬರು ಬದಲಾಗುವುದರಿಂದ ಆರ್.ಟಿ.ಓ. ಕಛೇರಿಯಲ್ಲಿ ವಿಚಾರಿಸಿ ಆರ್.ಸಿ.ಯಲ್ಲಿ ಅದನ್ನು ಸರಿಪಡಿಸಿಕೊಳ್ಳಬೇಕು. ಮಾರುವವನಿಂದ ಎಂಜಿನ್ ನಂಬರು ಬರೆದ ರಸೀದಿಯನ್ನು ಹಣ ಕೊಡುವಾಗಲೇ ಬರೆಸಿಕೊಳ್ಳಿ, ಆರ್.ಟಿ.ಓ. ಕಛೇರಿಗೆ ಹೋಗುವಾಗ ಅದು ಕೈಯಲ್ಲಿರಲಿ.